ರೆಸ್ಯೂಮ್‌ನಲ್ಲಿದ್ದ ಆ 40 ಪರ್ಸೆಂಟ್

ಇಂಟರ್‌ವ್ಯೂಗೆ ತಯಾರಾಗುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗಾದದ್ದು ನಿಮಗೆ ಆಗುವುದು ಬೇಡ.

ಎರಡು ರೌಂಡ್ ದಾಟಿ ಕೊನೆಯ ಸುತ್ತಿಗೆ ಬಂದಿದ್ದೆ. ಹತ್ತು ದಿನ ಕೂತು ಓದಿದ್ದೆ. ‘ನಿಮ್ಮ ಬಗ್ಗೆ ಹೇಳಿ’, ‘ನಿಮ್ಮ ದೌರ್ಬಲ್ಯ ಏನು’, ‘ಐದು ವರ್ಷ ಆದಮೇಲೆ ಎಲ್ಲಿರುತ್ತೀರಿ’ ಹೀಗೆ ಸುಮಾರು 50 ಪ್ರಶ್ನೆಗಳ ಉತ್ತರವನ್ನು ನೆಟ್‌ನಿಂದ ತೆಗೆದು ಬಾಯಿಪಾಠ ಮಾಡಿದ್ದೆ. ರೆಸ್ಯೂಮ್ ಕೂಡ ಯಾರದೋ ಮಾದರಿ ನೋಡಿಕೊಂಡು ಬರೆದದ್ದು. ಅದರಲ್ಲಿ ಒಂದು ಸಾಲಿತ್ತು: ‘ತಿಂಗಳ ಸ್ಟಾಕ್ ರಿಪೋರ್ಟ್‌ಗೆ ಹಿಡಿಯುತ್ತಿದ್ದ ಸಮಯವನ್ನು 40 ಪರ್ಸೆಂಟ್ ಇಳಿಸಿದ್ದೇನೆ.’ ಕೆಲಸ ನಾನು ಮಾಡಿದ್ದು ನಿಜ. 40 ಅನ್ನುವ ಅಂಕಿ ಮಾತ್ರ ಆ ಮಾದರಿಯಲ್ಲಿದ್ದದ್ದು. ನಂಬರ್ ಇದ್ದರೆ ರೆಸ್ಯೂಮ್‌ಗೆ ತೂಕ ಬರುತ್ತೆ ಅಂತ ಎಲ್ಲರೂ ಹೇಳ್ತಾರೆ ಅಲ್ವಾ, ಹಾಗೇ ಬಿಟ್ಟುಬಿಟ್ಟೆ.

ಮೇಜಿನ ಆ ಕಡೆ ಮೂವರು. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ನಡುವೆ ಕೂತಿದ್ದ ಮೇಡಂ ಆ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟರು.

“ಈ 40 ಹೇಗೆ ಬಂತು?”

“ಅಂದಾಜು, ಮೇಡಂ.”

“ಸರಿ. ಮೊದಲು ಎಷ್ಟು ದಿನ ಹಿಡೀತಿತ್ತು? ಆಮೇಲೆ ಎಷ್ಟಾಯ್ತು?”

ನನ್ನ ಬಾಯಿ ಒಣಗಿತು. ಅವರು ಬೈಯಲಿಲ್ಲ, ನಗಲಿಲ್ಲ. ಉತ್ತರಕ್ಕೆ ಕಾದರು. ಆ ಕಾಯುವಿಕೆಯೇ ತಡೆಯಲಾಗಲಿಲ್ಲ. ಏನೋ ತಡವರಿಸಿದೆ. ಅವರು ಮುಂದಿನ ಪ್ರಶ್ನೆಗೆ ಹೋದರು: ಜೊತೆಗೆ ಕೆಲಸ ಮಾಡುವವರ ನಡುವೆ ಜಗಳ ಆದಾಗ ನೀವೇನು ಮಾಡಿದಿರಿ? ಅದು ನನ್ನ 50ರಲ್ಲಿ ಇದ್ದ ಪ್ರಶ್ನೆ. ಇಬ್ಬರನ್ನೂ ಕೂರಿಸಿ, ಇಬ್ಬರ ಮಾತೂ ಕೇಳಿ ಅಂತ ಗಡಗಡ ಒಪ್ಪಿಸಿದೆ. ಮೇಡಂ ಕೇಳಿದ್ದು ಒಂದೇ ಮಾತು: “ಅವರಿಬ್ಬರು ಯಾಕೆ ಜಗಳ ಆಡಿದ್ರು?”

ನಾನು ಕಲಿತ ಉತ್ತರದಲ್ಲಿ ಜಗಳಕ್ಕೆ ಕಾರಣವೇ ಇರಲಿಲ್ಲ.

ಅಲ್ಲಿಂದ ಗೊತ್ತಿದ್ದದ್ದೂ ಕೈಕೊಟ್ಟಿತು. ಪಕ್ಕದಲ್ಲಿದ್ದ ಸರ್ ಎಕ್ಸೆಲ್ ಬಗ್ಗೆ ಸುಲಭದ್ದನ್ನೇ ಕೇಳಿದರು. ಒಂದು ಪಟ್ಟಿಯ ಕೋಡ್ ಹಿಡಿದು ಇನ್ನೊಂದು ಪಟ್ಟಿಯಿಂದ ಅದರ ವಿವರ ಹುಡುಕಿ ತರುವ ವಿಲುಕಪ್ (VLOOKUP) ಸೂತ್ರ ಬರೆಯುವಾಗ ಕೊನೆಯಲ್ಲಿ ಫಾಲ್ಸ್ ಅಂತ ಯಾಕೆ ಹಾಕ್ತೀವಿ? ಅದನ್ನು ಹಾಕದಿದ್ದರೆ ಎಕ್ಸೆಲ್ ಸರಿಯಾಗಿ ಹೊಂದುವುದನ್ನೇ ಹುಡುಕುವುದಿಲ್ಲ, ಹತ್ತಿರದ್ದನ್ನು ಹಿಡಿದು ಬೇರೆ ಸಾಲಿನ ಉತ್ತರ ಕೊಟ್ಟುಬಿಡಬಹುದು. ದಿನಾ ಬಳಸುತ್ತಿದ್ದ ಸಂಗತಿ. ಆ ಹೊತ್ತಿಗೆ ನಾಲಿಗೆಗೆ ಬರಲೇ ಇಲ್ಲ.

ಎರಡು ದಿನದ ಮೇಲೆ ‘ಆಯ್ಕೆಯಾಗಿಲ್ಲ’ ಅಂತ ಮೇಲ್ ಬಂತು. ಅವತ್ತು ರಾತ್ರಿ ಹಳೆಯ ಫೈಲ್ ತೆಗೆದು ಲೆಕ್ಕ ಹಾಕಿದೆ. ಮೊದಲು ಆ ರಿಪೋರ್ಟ್‌ಗೆ ಮೂರು ದಿನ ಬೇಕಿತ್ತು. ನಾನು ಸರಿ ಮಾಡಿದಮೇಲೆ ಒಂದೂವರೆ ದಿನ. ಅಂದರೆ ಅರ್ಧಕ್ಕೆ ಅರ್ಧ ಇಳಿದಿತ್ತು. ನಾನು ಕದ್ದು ಹಾಕಿದ್ದ ಅಂಕಿಗಿಂತ ನಿಜವೇ ಜಾಸ್ತಿ ಇತ್ತು! ಅದನ್ನು ನೋಡಿ ಕಣ್ಣು ತುಂಬಿ ಬಂತು.

ಅದರ ಹಿಂದಿನ ಕಥೆಯೂ ಚೆನ್ನಾಗಿತ್ತು. ಬಿಲ್ಲಿನ ಪಟ್ಟಿ, ಸ್ಟಾಕ್ ಪಟ್ಟಿ ಎರಡರಲ್ಲೂ ಒಂದೇ ಐಟಂ ಕೋಡ್ ಇದ್ದರೂ ಎಷ್ಟೋ ಸಾಲು ತಾಳೆ ಆಗುತ್ತಿರಲಿಲ್ಲ. ಎಲ್ಲರೂ ಕಣ್ಣಿಂದ ನೋಡಿ ಕೈಯಾರೆ ಸರಿ ಮಾಡುತ್ತಿದ್ದರು. ಕೋಡ್‌ನ ಕೊನೆಯಲ್ಲಿ ಕಾಣದ ಒಂದು ಸ್ಪೇಸ್ ಕೂತಿತ್ತು. ಹೆಚ್ಚುವರಿ ಸ್ಪೇಸ್ ತೆಗೆದುಹಾಕುವ ಟ್ರಿಮ್ ಸೂತ್ರ ಹಾಕಿದ ಕೂಡಲೇ ಎಲ್ಲ ತಾಳೆಯಾಯಿತು. ಇದನ್ನು ಕಂಡುಹಿಡಿದದ್ದು ನಾನೇ. ಹೇಳಬೇಕಾದ ಜಾಗದಲ್ಲಿ ಹೇಳಲಿಲ್ಲ, ಯಾಕೆಂದರೆ ನನ್ನ ಕೆಲಸದ ಬಗ್ಗೆ ನಾನು ಒಂದು ದಿನವೂ ಕೂತು ಯೋಚಿಸಿರಲಿಲ್ಲ.

ಬಟ್ಟೆ, ಸಮಯ, ನಮಸ್ಕಾರ ಇದನ್ನೆಲ್ಲ ಎಲ್ಲರೂ ಹೇಳುತ್ತಾರೆ. ನಾನು ಕೈಮುಗಿದು ಕೇಳಿಕೊಳ್ಳುವುದು ಬೇರೆ. ಮೊದಲ ಪ್ರಶ್ನೆಗೆ ಯಾರು ಬೇಕಾದರೂ ಉತ್ತರ ಕಲಿತು ಬರಬಹುದು, ಎದುರು ಕೂತವರಿಗೆ ಅದು ಗೊತ್ತು. ಅವರು ನಿಮ್ಮನ್ನು ಅಳೆಯುವುದು ಎರಡನೇ, ಮೂರನೇ ಪ್ರಶ್ನೆಯಲ್ಲಿ. ಹಾಗಾಗಿ ರೆಸ್ಯೂಮ್‌ನ ಒಂದೊಂದು ಸಾಲಿಗೂ ಬೆರಳಿಟ್ಟು ನೀವೇ ಕೇಳಿಕೊಳ್ಳಿ: ಮೊದಲು ಹೇಗಿತ್ತು, ನಾನು ಏನು ಮಾಡಿದೆ, ಆಮೇಲೆ ಏನು ಬದಲಾಯಿತು, ಅದು ನನಗೆ ಹೇಗೆ ಗೊತ್ತು. ಉತ್ತರ ಸಿಗದ ಸಾಲನ್ನು ಅಳಿಸಿಬಿಡಿ. ಸಂದರ್ಭ, ನಿಮ್ಮ ಪಾಲಿನ ಹೊಣೆ, ನೀವು ಮಾಡಿದ್ದು, ಫಲ ಅಂತ ಹೇಳುವ ‘ಸ್ಟಾರ್’ ಕ್ರಮ ಒಳ್ಳೆಯದೇ. ನಾನು ಅದರೊಳಗೆ ಬೇರೆಯವರ ಕಥೆ ತುಂಬಿದ್ದೆ, ತಪ್ಪು ಅಲ್ಲಿತ್ತು. ಈಗ ಎಐ ಹತ್ತಿರ ಉತ್ತರ ಬರೆಸಿಕೊಂಡು ಕಲಿಯುವವರನ್ನು ನೋಡಿದಾಗ ನನಗೆ ಭಯವಾಗುತ್ತೆ. ಅದರ ಕೈಯಲ್ಲಿ ಉತ್ತರ ಬರೆಸಬೇಡಿ, ನಿಮ್ಮ ಉತ್ತರದ ಮೇಲೆ ಮತ್ತೆ ಮತ್ತೆ ಪ್ರಶ್ನೆ ಕೇಳಿಸಿ.

ಇನ್ನೊಂದು, ಬರೀ ಮನಸ್ಸಿನಲ್ಲಿ ಹೇಳಿಕೊಳ್ಳುವುದು ಸಾಲದು. ಬಾಯಿಬಿಟ್ಟು ಹೇಳಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಎಲ್ಲಿ ಎಳೆಯುತ್ತೀರಿ, ಎಲ್ಲಿ ಸುಮ್ನೆ ದೊಡ್ಡ ಮಾತು ಆಡುತ್ತೀರಿ ಅಂತ ಕಿವಿಗೇ ಗೊತ್ತಾಗುತ್ತೆ. ಗೊತ್ತಿಲ್ಲದ್ದನ್ನು ಕೇಳಿದರೆ ‘ಗೊತ್ತಿಲ್ಲ’ ಅನ್ನಿ, ಹೇಗೆ ಹುಡುಕುತ್ತೀರಿ ಅಂತಲೂ ಸೇರಿಸಿ.

ನಾಲ್ಕು ತಿಂಗಳ ಮೇಲೆ ಬೇರೆ ಕಡೆ ಕರೆ ಬಂತು. ಅಷ್ಟರಲ್ಲಿ ಆ ಸಾಲನ್ನು ‘ಮೂರು ದಿನದ ಕೆಲಸವನ್ನು ಒಂದೂವರೆ ದಿನಕ್ಕೆ ತಂದೆ’ ಅಂತ ಬದಲಿಸಿದ್ದೆ. ಅಲ್ಲಿಯೂ ಬೆರಳು ಅದರ ಮೇಲೇ ಹೋಯಿತು. ಕಥೆ ಹೇಳಿದೆ. “ಕಾಣದ ಸ್ಪೇಸ್ ಇದೆ ಅಂತ ಹೇಗೆ ಗೊತ್ತಾಯ್ತು?” ಅಂತ ಕೇಳಿದರು. ಸೆಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗ ಕರ್ಸರ್ ಕೊನೆಯ ಅಕ್ಷರಕ್ಕೆ ಅಂಟಿಕೊಳ್ಳದೆ, ಒಂದು ಅಕ್ಷರದಷ್ಟು ದೂರ ನಿಂತು ಮಿನುಗುತ್ತಿತ್ತು ಸರ್, ಅಂದೆ.