ಘಿಬ್ಲಿ ಮ್ಯೂಸಿಯಂ ಟಿಕೆಟನ್ನು ಏಜೆಂಟರ ಕೈಯಿಂದ ಕೊಳ್ಳಬೇಡಿ

ಟೋಕಿಯೋದಲ್ಲಿ ನೆಂಟರಿದ್ದಾರೆ, ಬೇಸಿಗೆ ರಜಕ್ಕೆ ಮಕ್ಕಳನ್ನು ಕರ್ಕೊಂಡು ಹೋಗಿ, ಜಪಾನಿನ ಘಿಬ್ಲಿ ಸ್ಟುಡಿಯೋದ ಅನಿಮೇಷನ್ ಸಿನಿಮಾಗಳ ಲೋಕವನ್ನು ತೋರಿಸುವ ಘಿಬ್ಲಿ ಮ್ಯೂಸಿಯಂ ತೋರಿಸೋಣ ಅಂದುಕೊಂಡಿದ್ದೀರಾ? ದಯವಿಟ್ಟು ಇದನ್ನೊಮ್ಮೆ ಓದಿ. ನಾವು ಐದು ಜನ ಕೈಯಲ್ಲಿ ಟಿಕೆಟ್ ಹಿಡಿದುಕೊಂಡೇ ಬಾಗಿಲಿನಿಂದ ವಾಪಸ್ ಬಂದೆವು.

ನನ್ನ ತಂಗಿ ಮನೆ ಇರುವುದು ಟೋಕಿಯೋದ ನಿಶಿಕಸಾಯಿಯಲ್ಲಿ. ಅಲ್ಲಿ ನಮ್ಮ ದೇಶದವರು ಜಾಸ್ತಿ. ಬೇಳೆ, ಮಸಾಲೆ ಎಲ್ಲ ಸಿಗುತ್ತದೆ, ಹಾಗಾಗಿ ಅತ್ತೆಯವರ ಊಟದ ಚಿಂತೆ ಇರಲಿಲ್ಲ. ಮಗಳಿಗೆ 11 ವರ್ಷ, ಮಗನಿಗೆ 5. ಮಗಳಿಗೆ ಚಿತ್ರ ಬರೆಯುವ ಹುಚ್ಚು. ಡಿಸ್ನಿ ಬೇಡ, ಟವರ್ ಬೇಡ, ಮಿಟಾಕಾದಲ್ಲಿರುವ ಆ ಮ್ಯೂಸಿಯಂ ಒಂದು ಸಾಕು ಅಂತ ಆರು ತಿಂಗಳಿನಿಂದ ಹೇಳುತ್ತಿದ್ದಳು.

ನಾವು ಎಡವಿದ್ದು ಮಾರ್ಚ್‌ನಲ್ಲೇ. ಈ ಮ್ಯೂಸಿಯಂನ ಬಾಗಿಲಲ್ಲಿ ಟಿಕೆಟ್ ಕೊಡುವುದೇ ಇಲ್ಲ. ದಿನ, ಹೊತ್ತು ಎರಡನ್ನೂ ಆರಿಸಿಕೊಂಡು ಮೊದಲೇ ಬುಕ್ ಮಾಡಬೇಕು. ಪ್ರತಿ ತಿಂಗಳ 10ನೇ ತಾರೀಖು, ಜಪಾನಿನ ಬೆಳಿಗ್ಗೆ 10 ಗಂಟೆಗೆ, ಮುಂದಿನ ತಿಂಗಳ ಟಿಕೆಟ್ ಬಿಡುತ್ತಾರೆ. ನಮ್ಮಲ್ಲಿ ಆಗ ಬೆಳಿಗ್ಗೆ 6:30. ಏಪ್ರಿಲ್ ಕೊನೆಗೆ ಹೋಗುವವರು ಮಾರ್ಚ್ 10ಕ್ಕೇ ಕೂರಬೇಕಿತ್ತು. ಮಗಳ ಪರೀಕ್ಷೆ, ವೀಸಾದ ಕಾಗದಪತ್ರ, ತಂಗಿಯಿಂದ ಬರಬೇಕಾದ ಆಹ್ವಾನ ಪತ್ರ, ಇವುಗಳ ನಡುವೆ ನನಗೆ ಅದು ಗೊತ್ತೇ ಆಗಲಿಲ್ಲ. ಇನ್ನೊಂದು ವಿಷಯ. ನಮ್ಮ ಬೇಸಿಗೆ ರಜದ ಮಧ್ಯೆಯೇ ಅವರ ಸಾಲು ರಜೆ, ಗೋಲ್ಡನ್ ವೀಕ್, ಬರುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನಿನವರೇ ಮನೆಮಂದಿಯೆಲ್ಲ ತಿರುಗಾಟಕ್ಕೆ ಹೊರಟಿರುತ್ತಾರೆ. ನಾನು ನೋಡುವ ಹೊತ್ತಿಗೆ ನಮ್ಮ ದಿನಗಳೆಲ್ಲ ಭರ್ತಿಯಾಗಿದ್ದವು.

ಆಗ ಇನ್‌ಸ್ಟಾಗ್ರಾಂನಲ್ಲಿ ಒಬ್ಬ ಏಜೆಂಟ್ ಸಿಕ್ಕ. ಜಪಾನ್ ಪ್ರವಾಸದ ಚೆಂದದ ಫೋಟೋಗಳು, ಹೊಗಳಿಕೆಯ ಕಾಮೆಂಟುಗಳು. ಟಿಕೆಟ್ ಇದೆ, ತಲೆಗೆ 4,500 ರೂಪಾಯಿ ಅಂದ. ಒಟ್ಟು 22,500. ಅಸಲಿ ಬೆಲೆ ಕೇಳಿ: ದೊಡ್ಡವರಿಗೆ 1,000 ಯೆನ್, 13ರಿಂದ 18 ವರ್ಷದವರಿಗೆ 700, 7ರಿಂದ 12ರವರಿಗೆ 400, 4ರಿಂದ 6ರವರಿಗೆ 100. ಅದಕ್ಕಿಂತ ಚಿಕ್ಕವರಿಗೆ ದುಡ್ಡೇ ಇಲ್ಲ. ನಮ್ಮ ಐದೂ ಜನಕ್ಕೆ ಸೇರಿ 3,500 ಯೆನ್ ಆಗುತ್ತಿತ್ತು, ಅಷ್ಟೇ. ಟಿಕೆಟ್‌ನಲ್ಲಿ ಬೇರೆ ಯಾರದೋ ಹೆಸರಿತ್ತು. ಕೇಳಿದೆ. "ಗ್ರೂಪ್ ಬುಕಿಂಗ್ ಮೇಡಂ, ಹೆಸರೆಲ್ಲ ಯಾರೂ ನೋಡಲ್ಲ" ಅಂದ. ನಾನು ನಂಬಿದೆ. ಮಗಳ ಮುಖ ಕಣ್ಣ ಮುಂದಿತ್ತು.

ಹೆಸರು ನೋಡುತ್ತಾರೆ. ಅದೇ ಅಲ್ಲಿನ ನಿಯಮ. ಯಾರ ಹೆಸರಲ್ಲಿ ಬುಕ್ ಆಗಿದೆಯೋ ಅವರೇ ಗುರುತಿನ ಚೀಟಿ ಹಿಡಿದು ಬರಬೇಕು, ಹೊರಗಿನವರಿಗೆ ಪಾಸ್‌ಪೋರ್ಟ್. ಮರುಮಾರಾಟದ ಟಿಕೆಟ್ ನಡೆಯುವುದಿಲ್ಲ.

ಆ ದಿನ ನಿಶಿಕಸಾಯಿಯಲ್ಲಿ ತೋಝಾಯಿ ಲೈನ್ ರೈಲು ಹತ್ತಿದೆವು. ಕೆಲವು ರೈಲು ನೇರ ಮಿಟಾಕಾಕ್ಕೇ ಹೋಗುತ್ತವೆ, ಬದಲಾಯಿಸುವ ಗೋಜಿಲ್ಲ. ಸ್ಟೇಷನ್ನಿನಿಂದ ತಮಗಾವಾ ಕಾಲುವೆ ಪಕ್ಕದಲ್ಲಿ, ಮರಗಳ ನೆರಳಿನಲ್ಲಿ ಕಾಲು ಗಂಟೆಯ ನಡಿಗೆ. ಅತ್ತೆಯವರೂ ಖುಷಿಯಾಗಿ ನಡೆದರು. ಗೇಟಿನ ಹತ್ತಿರ ಗಾಜಿನ ಹಿಂದೆ ಘಿಬ್ಲಿ ಸಿನಿಮಾದ ಪ್ರಾಣಿ, ದೊಡ್ಡ ಟೊಟೊರೊ ಕೂತಿದೆ, ಟಿಕೆಟ್ ಕೊಡುವವನ ಹಾಗೆ. ಮಗ ಓಡಿಹೋಗಿ ಗಾಜಿಗೆ ಮೂಗು ಒತ್ತಿ ನಿಂತ.

ಬಾಗಿಲಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ಕೇಳಿದಳು. ಹೆಸರು ನೋಡಿದಳು, ಮತ್ತೆ ನೋಡಿದಳು. ತಂಗಿ ಜಪಾನಿ ಭಾಷೆಯಲ್ಲೇ ಎಲ್ಲ ವಿವರಿಸಿದಳು. ಅವರು ಒರಟಾಗಿ ಒಂದು ಮಾತೂ ಆಡಲಿಲ್ಲ. ತಲೆಬಾಗಿ ಕ್ಷಮೆ ಕೇಳಿದರು, ಆದರೆ ಬಿಡಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಟಿಕೆಟ್ ಬ್ಲ್ಯಾಕ್‌ನಲ್ಲಿ ಮಾರಬಾರದು ಅಂತಲೇ ಮಾಡಿರುವ ನಿಯಮ ಅದು, ನ್ಯಾಯವೇ ಅಲ್ವಾ. ಮಗಳು ಅಳಲಿಲ್ಲ. ಬ್ಯಾಗಿನಿಂದ ಹೊರಗೆ ತೆಗೆದಿದ್ದ ಸ್ಕೆಚ್‌ಬುಕ್ಕನ್ನು ಸುಮ್ನೆ ಒಳಗಿಟ್ಟಳು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮ್ಯೂಸಿಯಂ ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ಹಾಗಾಗಿ ನೋಡಿದ್ದನ್ನೆಲ್ಲ ಕೈಯಲ್ಲೇ ಬರೆದುಕೊಂಡು ಬರ್ತೀನಿ ಅಂತ ತಯಾರಾಗಿದ್ದಳು ಅವಳು.

ನೀವು ಹೋಗುವುದಾದರೆ ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಿಂದಲೇ ಶುರುಮಾಡಿ. ಅದು ಅಲ್ಲಿನ ಟಿಕೆಟ್ ಮಾರುವ ಕಂಪನಿಯಾದ ಲಾಸನ್ ಟಿಕೆಟ್‌ನ ಇಂಗ್ಲಿಷ್ ಪುಟಕ್ಕೆ ಕರೆದೊಯ್ಯುತ್ತದೆ. ಸರದಿ ಉದ್ದ ಇರುತ್ತದೆ, ತಾಳ್ಮೆ ಬೇಕು. ಬುಕ್ ಮಾಡುವವರು ಆ ದಿನ ನಿಮ್ಮ ಜೊತೆ ಇರಲೇಬೇಕು. ಅಲ್ಲಿರುವ ನೆಂಟರು ಬುಕ್ ಮಾಡಿಕೊಟ್ಟು, ಆಮೇಲೆ ಆಫೀಸಿಗೆ ಹೋಗಿಬಿಟ್ಟರೆ ನಿಮಗೂ ನಮ್ಮ ಗತಿಯೇ. ಸಾಮಾನ್ಯವಾಗಿ ಮಂಗಳವಾರ ರಜೆ. ವಿಮಾನದ ಟಿಕೆಟ್ ತೆಗೆಯುವ ಮೊದಲೇ ಆ 10ನೇ ತಾರೀಖು ಲೆಕ್ಕ ಹಾಕಿಕೊಳ್ಳಿ.

ಟಿಕೆಟ್ ಸಿಗದಿದ್ದರೂ ಮಕ್ಕಳನ್ನು ಬರಿಗೈಯಲ್ಲಿ ಕರ್ಕೊಂಡು ಬರಬೇಕಿಲ್ಲ. ಪಕ್ಕದಲ್ಲೇ ಇನೋಕಾಶಿರಾ ಪಾರ್ಕ್ ಇದೆ. ಕೊಳದಲ್ಲಿ ಹಂಸದ ಆಕಾರದ ಪೆಡಲ್ ದೋಣಿಗಳಿವೆ. ಮಗ ಅಲ್ಲೇ ಸಮಾಧಾನವಾದ. ಎರಡು ದಿನ ಬಿಟ್ಟು ಮಗಳನ್ನು ಸುಗಿನಾಮಿ ಅನಿಮೇಷನ್ ಮ್ಯೂಸಿಯಂಗೆ ಕರೆದೊಯ್ದೆವು. ಒಗಿಕುಬೋ ಸ್ಟೇಷನ್ನಿನಿಂದ ಬಸ್ಸು. ಸಣ್ಣ ಜಾಗ, ಪ್ರವೇಶ ಉಚಿತ. ಜಪಾನಿನ ಅನಿಮೇಷನ್ ಹೇಗೆ ಬೆಳೆಯಿತು, ಚಿತ್ರಗಳು ಹೇಗೆ ಓಡಾಡುತ್ತವೆ ಅಂತ ತೋರಿಸುತ್ತಾರೆ. ಕಾರ್ಟೂನಿಗೆ ನಾವೇ ದನಿ ಕೊಟ್ಟು ನೋಡಬಹುದು. ಸ್ಕೆಚ್‌ಬುಕ್ ಅಲ್ಲಿ ಹೊರಗೆ ಬಂತು.

ಏಜೆಂಟ್ ಮೊದಲು "ನೋಡ್ತೀನಿ" ಅಂದ, ಆಮೇಲೆ ಬ್ಲಾಕ್ ಮಾಡಿದ. ಊರಿಗೆ ಬಂದ ಮೇಲೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಅವನ ಜೊತೆಗಿನ ಮಾತುಕತೆಯ ಸ್ಕ್ರೀನ್‌ಶಾಟ್, ಯುಪಿಐ ರಸೀದಿ ಎರಡೂ ಇದ್ದದ್ದು ಒಳ್ಳೆಯದಾಯಿತು. ನಾನು ಟೋಕಿಯೋದಿಂದಲೇ, ಅದೇ ದಿನ ದೂರು ಕೊಡಬೇಕಿತ್ತು. ಎರಡು ತಿಂಗಳಾಯಿತು, ದುಡ್ಡು ಇನ್ನೂ ಬಂದಿಲ್ಲ.