ಸುಯ್, ಚಿರ್, ಟಪ್, ಗುಂಯ್: ಹೆಡ್‌ಫೋನ್ ಜಾಕಿನ ಸದ್ದಿಗೆ ನಾನು ಮಾಡಿ ನೋಡಿದ ಮದ್ದುಗಳು

ಅಜ್ಜಿ ಹಾಡಿದ ಸೋಬಾನೆ ಪದಗಳ ಹಳೆಯ ಕ್ಯಾಸೆಟ್ಟುಗಳು ನಮ್ಮ ಮನೆಯಲ್ಲಿವೆ. ಅವನ್ನು ಕಂಪ್ಯೂಟರಿಗೆ ಹಾಕಿಸಿಕೊಂಡು, ಕೇಳುತ್ತಾ ಟೈಪ್ ಮಾಡುತ್ತಿದ್ದೇನೆ. ಅಜ್ಜಿಯದು ಸಣ್ಣ ದನಿ. ಸಾಲಿನ ಕೊನೆಗೆ ಬಂದರೆ ಪದ ಯಾವುದು, ಉಸಿರು ಯಾವುದು ಗೊತ್ತಾಗುವುದಿಲ್ಲ. ಅಂಥ ಕಡೆ ಕಿವಿಗೊಟ್ಟು ಕೂತರೆ ಅಜ್ಜಿಗಿಂತ ಮೊದಲು ಕೇಳುತ್ತಿದ್ದುದು ಲ್ಯಾಪ್‌ಟಾಪಿನ ಹೆಡ್‌ಫೋನ್ ಜಾಕಿನ ಸದ್ದು.

‘ಸದ್ದು ಬರ್ತಿದೆ’ ಅಂದರೆ ಅಂಗಡಿಯವನು ಜಾಕ್ ಬದಲಿಸೋಣ ಅಂದ. ನಾನು ಸುಮ್ನೆ ಒಂದು ಸಂಜೆ ಕೂತು ಕೇಳಿದೆ. ಒಂದಲ್ಲ, ನಾಲ್ಕು ಸದ್ದುಗಳಿದ್ದವು. ಒಂದು ಸದಾ ಬರುವ ಸುಯ್. ವಾಲ್ಯೂಮ್ ಸೊನ್ನೆ ಮಾಡಿದರೂ ಅದು ಅಷ್ಟೇ ಇತ್ತು. ಅಂದರೆ ಅದು ಹಾಡಿನಲ್ಲಿಲ್ಲ, ಜಾಕಿನ ಹಿಂದಿರುವ ಆಂಪ್ಲಿಫೈಯರಿನಲ್ಲೇ ಇದೆ. ಎರಡನೆಯದು ಪುಟ ಸ್ಕ್ರಾಲ್ ಮಾಡಿದಾಗ ಬರುವ ಚಿರ್ ಚಿರ್, ಮಳೆಗಾಲದ ಜೀರುಂಡೆಯ ಹಾಗೆ. ಮೂರನೆಯದು ಹಾಡು ನಿಂತು ಹತ್ತು ಸೆಕೆಂಡಿಗೆ ಟಪ್, ಮತ್ತೆ ಶುರು ಮಾಡಿದಾಗ ಇನ್ನೊಂದು ಟಪ್. ನಾಲ್ಕನೆಯದು ಇದೇ ಜಾಕಿಗೆ ಸ್ಪೀಕರ್ ಸಿಕ್ಕಿಸಿದಾಗ ಮಾತ್ರ ಬರುವ ಗುಂಯ್. ಇಲ್ಲಿಂದ ಮುಂದೆ ಖರ್ಚಿಲ್ಲದ ಮದ್ದಿನಿಂದ ಶುರು ಮಾಡಿದೆ.

ಮೊದಲು ಚಾರ್ಜರ್ ಕಿತ್ತೆ. ಗುಂಯ್ ಪೂರ್ತಿ ಹೋಯಿತು, ಚಿರ್ ಚಿರ್ ಅರ್ಧಕ್ಕೆ ಇಳಿಯಿತು, ಸುಯ್ ಹಾಗೇ ಇತ್ತು. ಎರಡು ನಿಮಿಷದ ಈ ಪರೀಕ್ಷೆ ಉಳಿದ ಎಲ್ಲಕ್ಕಿಂತ ಜಾಸ್ತಿ ಹೇಳಿಕೊಟ್ಟಿತು. ಆದರೆ ಇದು ಮದ್ದಲ್ಲ. ನನ್ನ ಬ್ಯಾಟರಿ ಒಂದೂವರೆ ಗಂಟೆ ಬಂದರೆ ಪುಣ್ಯ.

ಆಮೇಲೆ ಸೆಟ್ಟಿಂಗ್. ನಾನು ಬಳಸುವುದು ವಿಂಡೋಸ್ ಅಲ್ಲ, ಉಬುಂಟು ಅನ್ನುವ ಲಿನಕ್ಸ್. ಟಪ್ ಅನ್ನುವುದು ಸೌಂಡ್ ಚಿಪ್ ನಿದ್ದೆಗೆ ಜಾರಿ ಎದ್ದೇಳುವ ಸದ್ದು. ಬ್ಯಾಟರಿ ಉಳಿಸಲು ಸೌಂಡ್ ಡ್ರೈವರಿನಲ್ಲಿ ‘ಪವರ್ ಸೇವ್’ ಅಂತ ಒಂದು ಸಂಖ್ಯೆ ಇರುತ್ತದೆ. ಎಷ್ಟು ಸೆಕೆಂಡ್ ಸುಮ್ಮನಿದ್ದರೆ ಮಲಗಬೇಕು ಅನ್ನುವ ಲೆಕ್ಕ ಅದು. ಅದನ್ನು 0 ಮಾಡಿದೆ, ಅಂದರೆ ಮಲಗುವುದೇ ಬೇಡ ಅಂತ. ಟಪ್ ಅಲ್ಲಿಗೇ ನಿಂತಿತು. ಸುಯ್‌ಗೆ ಸಿಕ್ಕ ಮದ್ದು ಮಾತ್ರ ವಿಚಿತ್ರ. ಸದ್ದಿನ ಮಟ್ಟಗಳನ್ನು ಹೊಂದಿಸುವ ಆಲ್ಸಾಮಿಕ್ಸರ್ ಅನ್ನುವ ಪ್ರೋಗ್ರಾಂ ತೆರೆದು, ಎಫ್6 ಒತ್ತಿ ಸೌಂಡ್ ಕಾರ್ಡ್ ಆರಿಸಿದರೆ ‘ಹೆಡ್‌ಫೋನ್ ಮೈಕ್ ಬೂಸ್ಟ್’ ಅನ್ನುವ ಕಡ್ಡಿ ಕಾಣುತ್ತದೆ. ಅದು ಸೊನ್ನೆಯಲ್ಲಿತ್ತು. ಒಂದು ಮೆಟ್ಟಿಲು ಏರಿಸಿ 10 ಡೆಸಿಬೆಲ್ ಮಾಡಿದಾಗ ಸುಯ್ ಗೊತ್ತಾಗುವಷ್ಟು ತಗ್ಗಿತು. ಮೈಕನ್ನು ಏರಿಸಿದರೆ ಹೆಡ್‌ಫೋನ್ ತಣ್ಣಗಾಗುವುದು ಅಂದರೆ ತಲೆನೋವಿಗೆ ಕಾಲಿಗೆ ಎಣ್ಣೆ ಹಚ್ಚಿದ ಹಾಗೆ, ಅಲ್ವಾ? ಎಲ್ಲ ಲ್ಯಾಪ್‌ಟಾಪಿನಲ್ಲೂ ಇದು ನಡೆಯುವುದಿಲ್ಲ, ಕೆಲವು ಮಾಡೆಲ್‌ಗಳಲ್ಲಿ ಮಾತ್ರ. ವಿಂಡೋಸ್‌ನವರು ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ ‘ಲಿಸನ್ ಟು ದಿಸ್ ಡಿವೈಸ್’ ಅನ್ನುವುದಕ್ಕೆ ಟಿಕ್ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಮೈಕಿಗೆ ಕೇಳುವ ಫ್ಯಾನಿನ ಗಾಳಿಯೆಲ್ಲ ನಿಮ್ಮ ಕಿವಿಗೇ ಬರುತ್ತಿರುತ್ತದೆ.

ಇನ್ನು ದುಡ್ಡು ಕೊಟ್ಟು ತಂದವು. ಗ್ರೌಂಡ್ ಲೂಪ್ ಐಸೊಲೇಟರ್ ಮತ್ತು ಯುಎಸ್‌ಬಿ ಡಾಂಗಲ್, ಅಂದರೆ ಯುಎಸ್‌ಬಿ ತೂತಿಗೆ ಸಿಕ್ಕಿಸಿ ಹೆಡ್‌ಫೋನ್ ಹಾಕಿಕೊಳ್ಳುವ ಪುಟ್ಟ ಸಾಧನ. ಎರಡನ್ನೂ ಒಂದೇ ರೋಗಕ್ಕೆ ಮಾರುತ್ತಾರೆ. ವಾರಗಟ್ಟಲೆ ಅದಲು ಬದಲು ಮಾಡಿ ಕೇಳಿದ ಮೇಲೆ ಇವೆರಡಕ್ಕೂ ನೆಂಟಸ್ತನವೇ ಇಲ್ಲ ಅನ್ನಿಸಿತು.

ಐಸೊಲೇಟರ್ ಅಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ, ಎರಡು ಕಡೆ 3.5 ಮಿಲಿಮೀಟರ್ ತೂತು ಇಲ್ಲವೇ ವೈರು. ಒಳಗೆ ಎಡಕ್ಕೊಂದು, ಬಲಕ್ಕೊಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಹಾಡು ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ತಾಮ್ರದ ನೇರ ಸಂಬಂಧ ಕಡಿದುಹೋಗುತ್ತದೆ. ನನ್ನ ಸ್ಪೀಕರಿಗೂ ಮೂರು ಪಿನ್, ಚಾರ್ಜರಿಗೂ ಮೂರು ಪಿನ್. ಎರಡೂ ಬೇರೆ ಬೇರೆ ಗೋಡೆಯ ಪ್ಲಗ್ಗಿನಲ್ಲಿದ್ದವು. ಅರ್ಥಿಂಗ್ ಗೋಡೆಯೊಳಗೆ ಒಂದು ಸುತ್ತು, ಆಡಿಯೋ ವೈರಿನಲ್ಲಿ ಇನ್ನೊಂದು ಸುತ್ತು, ಸೇರಿ ಒಂದು ಬಳೆ. ಗ್ರೌಂಡ್ ಲೂಪ್ ಅನ್ನುವುದು ಇದನ್ನೇ. ಆ ಬಳೆಯಲ್ಲಿ ಮನೆಯ ಕರೆಂಟಿನ 50 ಹರ್ಟ್ಸ್ ಮತ್ತು ಅದರ ದುಪ್ಪಟ್ಟು 100 ಹರ್ಟ್ಸ್ ಓಡಾಡಿದಾಗ ಸ್ಪೀಕರಿನಲ್ಲಿ ಗುಂಯ್. ಐಸೊಲೇಟರ್ ಸಿಕ್ಕಿಸಿದೆ, ಕತ್ತರಿಸಿದ ಹಾಗೆ ನಿಂತಿತು.

ಅದೇ ಐಸೊಲೇಟರನ್ನು ಇಯರ್‌ಫೋನಿಗೆ ಹಾಕಿದಾಗ ನಿರಾಸೆಯಾಯಿತು. ದನಿ ಕುಗ್ಗಿತು, ಕೆಳಗಿನ ಸ್ವರ ಸೊರಗಿತು, ಅಜ್ಜಿಯ ಪಕ್ಕದಲ್ಲಿ ಬಾರಿಸುತ್ತಿದ್ದ ದಮ್ಮಡಿ ತಗಡಿನ ಡಬ್ಬದ ಹಾಗೆ ಕೇಳಿತು. ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಆ ಸಣ್ಣ ಟ್ರಾನ್ಸ್‌ಫಾರ್ಮರ್ ಸಾವಿರಾರು ಓಮಿನ ಆಂಪ್ಲಿಫೈಯರಿಗೆ ಮಾಡಿದ್ದು. ನನ್ನ ಇಯರ್‌ಫೋನ್ ಬರೀ 16 ಓಮ್. ಮೇಲಾಗಿ ಹೆಡ್‌ಫೋನ್ ಮಾತ್ರ ಇದ್ದಾಗ ಕಡಿಯಲು ಬಳೆಯೇ ಇಲ್ಲವಲ್ಲ. ಸುಯ್ ಬರುವುದು ಚಿಪ್ಪಿನಿಂದ. ದನಿಯ ಜೊತೆ ಅದೂ ಚೂರು ತಗ್ಗಿತು ಅಷ್ಟೇ.

ಅಂದಹಾಗೆ ಐಸೊಲೇಟರ್ ಕೊಂಡು ಹದಿನೈದು ದಿನ ಆದ ಮೇಲೆ ಸ್ಪೀಕರ್ ಮತ್ತು ಚಾರ್ಜರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿದೆ. ಮುಕ್ಕಾಲು ಗುಂಯ್ ಅದರಲ್ಲೇ ಹೋಯಿತು. ಮೊದಲೇ ಹೊಳೆದಿದ್ದರೆ ₹350 ಉಳಿಯುತ್ತಿತ್ತು. ಚಾರ್ಜರಿನ ಅರ್ಥ್ ಪಿನ್ ಮುರಿದರೆ ಸದ್ದು ಹೋಗುತ್ತೆ ಅಂತ ಒಬ್ಬರು ಹೇಳಿದರು. ಹೋಗಬಹುದು. ಆದರೆ ಆ ಪಿನ್ ಇರುವುದು ನಮ್ಮ ಜೀವಕ್ಕೆ. ಅದನ್ನು ನಾನು ಮಾಡಿಲ್ಲ, ನೀವೂ ಮಾಡಬೇಡಿ.

ಡಾಂಗಲ್ ವಿಷಯದಲ್ಲಿ ಮೊದಲ ಸಲ ಮೋಸಹೋದೆ. ₹150ಕ್ಕೆ ಟೈಪ್ ಸಿ ತುದಿಯ ಒಂದು ವೈರು ತಂದೆ. ಲ್ಯಾಪ್‌ಟಾಪಿಗೆ ಹಾಕಿದರೆ ಸುಯ್ ಇಲ್ಲ, ಚಿರ್ ಇಲ್ಲ, ಅಜ್ಜಿಯೂ ಇಲ್ಲ! ಅದರೊಳಗೆ ಚಿಪ್ಪೇ ಇರಲಿಲ್ಲ. ಕೆಲವು ಫೋನುಗಳು ಟೈಪ್ ಸಿ ತೂತಿನಿಂದಲೇ ಹಾಡಿನ ಅನಲಾಗ್ ಸಿಗ್ನಲ್ ಕೊಡುತ್ತವೆ, ಅವಕ್ಕೆ ಬರೀ ವೈರು ಸಾಕು. ಲ್ಯಾಪ್‌ಟಾಪುಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಡಬ್ಬಿಯ ಮೇಲೆ ‘ಡ್ಯಾಕ್’ (ಅಂಕಿಗಳನ್ನು ದನಿಯ ಸಿಗ್ನಲ್ ಮಾಡುವ ಚಿಪ್) ಅಂತ ಬರೆದಿದೆಯೇ ನೋಡಿ ಕೊಳ್ಳಬೇಕು. ಎರಡನೆಯದು ₹900, ಅದರಲ್ಲಿ ಡ್ಯಾಕ್ ಇತ್ತು.

ಅದನ್ನು ಹಾಕಿದ ರಾತ್ರಿ ಒಂದು ಕ್ಷಣ ಕಿವಿ ಕಿವುಡಾಯಿತೇನೋ ಅನ್ನಿಸಿತು. ಸುಯ್ ಪೂರಾ ಇಲ್ಲ. ಲ್ಯಾಪ್‌ಟಾಪಿನ ಸೌಂಡ್ ಚಿಪ್, ಪ್ರೊಸೆಸರಿಗೆ ಕರೆಂಟ್ ಕೊಡುವ ಸುರುಳಿಗಳ ಗದ್ದಲದ ಹತ್ತಿರವೇ ಕೂತಿರುತ್ತದೆ. ಡಾಂಗಲಿನಲ್ಲಿ ಹಾಡು ಅಂಕಿಗಳಾಗಿಯೇ ಹೊರಗೆ ಬಂದು ಆಮೇಲೆ ದನಿಯಾಗುತ್ತದೆ. ಚಿರ್ ಚಿರ್ ಮಾತ್ರ ಒಂದೆರಡು ಸಲ ಇಣುಕಿತು. ನೋಡಿದರೆ ಡಾಂಗಲನ್ನು ಹಾರ್ಡ್ ಡಿಸ್ಕ್ ಇರುವ ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಿದ್ದೆ. ನೇರ ಲ್ಯಾಪ್‌ಟಾಪಿಗೆ ಹಾಕಿದ ಮೇಲೆ ಅದೂ ಇಲ್ಲ. ಆದರೆ ಇದೇ ಡಾಂಗಲಿಗೆ ಬೇರೆ ಗೋಡೆಯ ಪ್ಲಗ್ಗಿನಲ್ಲಿದ್ದ ಸ್ಪೀಕರ್ ಹಾಕಿದರೆ ಗುಂಯ್ ತಪ್ಪದೆ ಹಾಜರ್. ಯುಎಸ್‌ಬಿ ವೈರಿನಲ್ಲೂ ಗ್ರೌಂಡ್ ಇರುತ್ತದೆ, ಬಳೆ ಹಾಗೇ ಉಳಿಯುತ್ತದೆ.

ಬ್ಲೂಟೂತ್ ಕೂಡ ನೋಡಿದೆ. ಸದ್ದಿನ ಮಟ್ಟಿಗೆ ತಕರಾರಿಲ್ಲ. ಪಾಠ ಕೇಳುವವರಿಗೆ, ಸಿನಿಮಾ ನೋಡುವವರಿಗೆ ಸಾಕು. ನನ್ನ ಕೆಲಸಕ್ಕೆ ಆಗಲಿಲ್ಲ. ನಿಲ್ಲಿಸಿ ಟೈಪ್ ಮಾಡಿ ಮತ್ತೆ ಹಾಕಿದಾಗ ನನ್ನ ಇಯರ್‌ಫೋನ್ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಅಕ್ಷರ ನುಂಗಿಹೋಗುತ್ತಿತ್ತು. ‘ಬಾಳೆ’ ಅನ್ನುವುದು ‘ಳೆ’ ಆಗಿ ಬಂದರೆ ಪದ ಬರೆಯುವುದು ಹೇಗೆ? ಮೈಕ್ ಆನ್ ಮಾಡಿದರಂತೂ ದನಿ ಹಳೇ ಟೆಲಿಫೋನಿನಷ್ಟಕ್ಕೆ ಇಳಿಯಿತು.

ವಾಲ್ಯೂಮ್ ತಿರುಗಣೆ ಇರುವ ₹120ರ ಎಕ್ಸ್‌ಟೆನ್ಷನ್ ವೈರೂ ಒಂದಿದೆ. ಲ್ಯಾಪ್‌ಟಾಪಿನಲ್ಲಿ ದನಿ ಏರಿಸಿ, ವೈರಿನಲ್ಲಿ ಇಳಿಸಿದರೆ ಹಾಡಿನ ಜೊತೆ ಸುಯ್ ಕೂಡ ಇಳಿಯುತ್ತದೆ. ಬಡವರ ಡಾಂಗಲ್ ಅನ್ನಿ. ತೀರಾ ಇಳಿಸಿದರೆ ಎಡಗಿವಿಗೆ ಜಾಸ್ತಿ, ಬಲಗಿವಿಗೆ ಕಡಿಮೆ ಆಗುತ್ತದೆ, ಅದೊಂದು ಕಾಟ.

ಈಗ ಟೈಪಿಂಗಿಗೆ ಡಾಂಗಲ್. ಸ್ಪೀಕರ್ ಮತ್ತು ಚಾರ್ಜರ್ ಒಂದೇ ಬೋರ್ಡಿನಲ್ಲಿ, ನಡುವೆ ಐಸೊಲೇಟರ್. ಪವರ್ ಸೇವ್ 0ರಲ್ಲೇ ಇದೆ. ಕಳೆದ ವಾರ ಮತ್ತೆ ಸುಯ್ ಕೇಳಿ ಗಾಬರಿಯಾದೆ. ಹಾಡು ನಿಲ್ಲಿಸಿದೆ, ಅದೂ ನಿಂತಿತು. ಮತ್ತೆ ಹಾಕಿದೆ, ಬಂತು. ಅದು ಕ್ಯಾಸೆಟ್ಟಿನದೇ ಸುಯ್. ಇಷ್ಟು ದಿನ ಜಾಕಿನ ಸದ್ದಿನ ಕೆಳಗೆ ಮುಚ್ಚಿಹೋಗಿತ್ತು.