ಬೇಸ್‌ಬಾಲ್ ರೆಫರೆನ್ಸ್ ಸೈಟ್ ರಿವ್ಯೂ: "ಕಾಂಟ್ರಾಕ್ಟ್ ಇಯರ್" ಕಥೆ ನಿಜಾನಾ ಅಂತ ನೋಡೋಕೆ ಇದು ಸಾಕಾ?

ಬೇಸ್‌ಬಾಲ್ ಫಾಲೋ ಮಾಡೋರಿಗೆ ಈ ಮಾತು ಕೇಳಿ ಕೇಳಿ ಸಾಕಾಗಿರುತ್ತೆ: "ಅವನಿಗೆ ಇದು ಕಾಂಟ್ರಾಕ್ಟಿನ ಕೊನೇ ವರ್ಷ ಕಣ್ರೀ, ಅದಕ್ಕೇ ಮೈಮೇಲೆ ದೇವ್ರು ಬಂದಂಗೆ ಬಾರಿಸ್ತಿದಾನೆ, ಸೈನ್ ಹಾಕಿದ್ಮೇಲೆ ನೋಡಿ, ಕಾಲು ಚಾಚಿ ಮಲಗ್ತಾನೆ." ಇದೇ "ಕಾಂಟ್ರಾಕ್ಟ್ ಇಯರ್" ಕಥೆ. ಹಂಗೆ ಮಾಡಿದೋರು ಯಾರು ಅಂತ ಕೇಳಿದ್ರೆ ಇಬ್ರೋ ಮೂವರೋ ಆಟಗಾರರ ಹೆಸರು ಬರುತ್ತೆ, ಅಲ್ಲಿಗೆ ಮುಗೀತು. ಅಂಥ ಹೊತ್ತಲ್ಲಿ ನಾನು ತೆಗೆಯೋದು ಬೇಸ್‌ಬಾಲ್ ರೆಫರೆನ್ಸ್, ಆಟಗಾರರ ಅಂಕಿ ಅಂಶ ಇರೋ ಸೈಟು. ಇಡೀ ಸೈಟಿನ ರಿವ್ಯೂ ಬರೆಯೋಕೆ ಹೋದ್ರೆ ಮುಗಿಯಲ್ಲ, ಅದಕ್ಕೆ ಈ ಒಂದು ಕೆಲಸಕ್ಕೆ ಅದು ಎಷ್ಟು ಆಗಿಬರುತ್ತೆ ಅನ್ನೋದಷ್ಟೇ ಬರೀತೀನಿ. ಐದಕ್ಕೆ ನಾಲ್ಕು ಸ್ಟಾರ್.

ಸೀನ್ ಫೋರ್ಮನ್ ಅನ್ನೋರು 2000ದಲ್ಲಿ ಶುರು ಮಾಡಿದ ಸೈಟ್ ಇದು, ಆಟಗಾರರ ಪೇಜ್ ನೋಡೋಕೆ ದುಡ್ಡು ಕೊಡ್ಬೇಕಿಲ್ಲ, ಲಾಗಿನ್ ಕಿರಿಕಿರೀನೂ ಇಲ್ಲ. ನೋಡೋಕೆ ಚೆಂದ ಇದೆ ಅಂತ ಯಾರೂ ಹೇಳಲ್ಲ, ಬರೀ ಟೇಬಲ್ಲು ಟೇಬಲ್ಲು. ಆದ್ರೆ ಒಬ್ಬ ಆಟಗಾರನ ಪೇಜ್ ಓಪನ್ ಮಾಡಿದ್ರೆ ಒಂದೊಂದು ವರ್ಷಕ್ಕೆ ಒಂದೊಂದು ಸಾಲು, ಎಡಗಡೆ ಅವನ ವಯಸ್ಸು, ನಡುವೆ ಹೋಮ್ ರನ್ನು, ಆವರೇಜು (ಬ್ಯಾಟಿಂಗ್ ಸರದಿಗಳಲ್ಲಿ ಎಷ್ಟು ಪಾಲು ಹಿಟ್ ಆಯ್ತು ಅನ್ನೋದು), ಓಪಿಎಸ್ ಪ್ಲಸ್ಸು, ಬಲಗಡೆ ತುದೀಲಿ ಆ ವರ್ಷ ಅವಾರ್ಡ್ ವೋಟಿಂಗಲ್ಲಿ ಎಷ್ಟನೇ ಜಾಗ ಬಂತು ಅನ್ನೋದು. ಲೀಗಿಗೇ ಮೊದಲು ಬಂದಿರೋ ಅಂಕಿ ದಪ್ಪಕ್ಷರದಲ್ಲಿ ಇರುತ್ತೆ. ಓಪಿಎಸ್ ಪ್ಲಸ್ ಗೊತ್ತಿಲ್ದೋರಿಗೆ ಒಂದು ಮಾತು, ಅದು ಒಟ್ಟು ಬ್ಯಾಟಿಂಗಿನ ಅಳತೆ, 100 ಅಂದ್ರೆ ಆ ವರ್ಷದ ಲೀಗಿನ ಸರಾಸರಿ ಬ್ಯಾಟರ್, ಮೇಲೆ ಹೋದಷ್ಟೂ ಒಳ್ಳೇದು, ಆಡಿದ ಮೈದಾನ ದೊಡ್ಡದೋ ಚಿಕ್ಕದೋ ಅನ್ನೋದನ್ನೂ ಲೆಕ್ಕಕ್ಕೆ ತಗೊಂಡಿರುತ್ತೆ. ಇನ್ನು ಸಂಬಳದ ಟೇಬಲ್ ಬೇಕಂದ್ರೆ ಪೇಜಿನ ಬುಡದವರೆಗೂ ಇಳೀಬೇಕು, ಫೋನಲ್ಲಿ ನೋಡಿದ್ರೆ ಬೆರಳು ನೋವು ಬರೋ ಅಷ್ಟು ಕೆಳಗೆ.

ಅಲ್ಲೇ ಸರ್ವಿಸ್ ಟೈಮ್ ಅಂತ ಒಂದು ನಂಬರ್ ಇರುತ್ತೆ, 5.143 ಅನ್ನೋ ಥರ, ಮೇಜರ್ ಲೀಗಲ್ಲಿ, ಅಂದ್ರೆ ಅಮೆರಿಕದ ಅತೀ ಮೇಲಿನ ಬೇಸ್‌ಬಾಲ್ ಲೀಗಲ್ಲಿ, ಎಷ್ಟು ಕಾಲ ಇದ್ದ ಅನ್ನೋ ಲೆಕ್ಕ. ಹೊಸಬರು ಇದನ್ನ ಐದೂ ಚಿಲ್ರೆ ವರ್ಷ ಅಂತ ಓದ್ತಾರೆ, ಚುಕ್ಕಿ ಆದ್ಮೇಲಿರೋದು ದಿನಗಳು, ಐದು ವರ್ಷ 143 ದಿನ ಅಂತ. ಮೇಜರ್ ಲೀಗಲ್ಲಿ 172 ದಿನ ಇದ್ರೆ ಒಂದು ವರ್ಷ ಅಂತ ಎಣಿಸ್ತಾರೆ, ಸಾಮಾನ್ಯವಾಗಿ ಅಂಥ ಆರು ವರ್ಷ ಆದ್ಮೇಲೇ ಫ್ರೀ ಏಜೆಂಟ್ (ಯಾವ ತಂಡಕ್ಕೆ ಬೇಕಾದ್ರೂ ಸೈನ್ ಹಾಕಬಹುದಾದ ಆಟಗಾರ) ಆಗೋಕೆ ಸಾಧ್ಯ. ಹಂಗಾಗಿ ಬಹಳಷ್ಟು ಜನ ಮೊದಲನೇ ಸಲ ಮಾರ್ಕೆಟ್ಟಿಗೆ ಬರೋ ಹೊತ್ತಿಗೆ ಇಪ್ಪತ್ತೊಂಬತ್ತು ಮೂವತ್ತಾಗಿರುತ್ತೆ. ಈ ವಯಸ್ಸಿನ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಎಲ್ಲರೂ ಮೊದಲು ಹೇಳೋ ಹೆಸರು, ಏಡ್ರಿಯನ್ ಬೆಲ್ಟ್ರೆ. 2004, ಡಾಡ್ಜರ್ಸ್ ತಂಡ, ಕಾಂಟ್ರಾಕ್ಟಿನ ಕೊನೇ ವರ್ಷ, .334 ಆವರೇಜು, 48 ಹೋಮ್ ರನ್, ಓಪಿಎಸ್ ಪ್ಲಸ್ 163, ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ವೋಟಿಂಗಲ್ಲಿ ಬ್ಯಾರಿ ಬಾಂಡ್ಸ್ ಹಿಂದೆ ಎರಡನೇ ಜಾಗ. ಅದರ ಹಿಂದಿನ ವರ್ಷ .240, 23 ಹೋಮ್ ರನ್. ಸಿಯಾಟಲ್ ಮ್ಯಾರಿನರ್ಸ್ ಐದು ವರ್ಷಕ್ಕೆ 64 ಮಿಲಿಯನ್ ಡಾಲರ್ ಕೊಟ್ಟು ಕರ್ಕೊಂಡ್ರು, 2005ರಲ್ಲಿ .255, 19 ಹೋಮ್ ರನ್, ಓಪಿಎಸ್ ಪ್ಲಸ್ 93. ಈ ಮೂರು ಸಾಲು ನೋಡಿದ್ರೆ ಯಾರಿಗಾದ್ರೂ "ನೋಡಿದ್ರಾ, ನಾನು ಹೇಳ್ಲಿಲ್ವಾ" ಅನ್ಸುತ್ತೆ, ಕಥೆ ಹೇಳೋರು ನಿಲ್ಸೋದೂ ಇಲ್ಲೇ.

ಆದ್ರೆ ಪೇಜ್ ಅಲ್ಲಿಗೆ ಮುಗಿಯಲ್ಲ. ಕೆಳಗೆ ಬನ್ನಿ, 2009, ಅದೇ 64 ಮಿಲಿಯನ್ ಕಾಂಟ್ರಾಕ್ಟಿನ ಕೊನೇ ವರ್ಷ, ಅಂದ್ರೆ ಮತ್ತೆ ದುಡ್ಡಿಗೆ ಆಡ್ಬೇಕಾದ ವರ್ಷ, ಗಾಯ ಮಾಡ್ಕೊಂಡು 111 ಮ್ಯಾಚು, ಎಂಟೇ ಎಂಟು ಹೋಮ್ ರನ್. ದುಡ್ಡಿನ ಆಸೆಗೇ ಬ್ಯಾಟ್ ಬೀಸ್ತಾನೆ ಅನ್ನೋದಾದ್ರೆ ಇಲ್ಲಿ ಆಸೆ ಎಲ್ಲಿ ಹೋಗಿತ್ತು? ಅದಾದ್ಮೇಲೆ ಬಾಸ್ಟನ್ ರೆಡ್ ಸಾಕ್ಸಲ್ಲಿ ಒಂದೇ ವರ್ಷದ ಡೀಲು, 2010ರಲ್ಲಿ .321, 28 ಹೋಮ್ ರನ್, 49 ಡಬಲ್ಸು (ಹೊಡೆದು ಎರಡನೇ ಬೇಸ್ ಮುಟ್ಟಿದ ಹಿಟ್). ಸರಿ, ಕಥೆಗೆ ಮತ್ತೆ ಜೀವ ಬಂತು. ಟೆಕ್ಸಸ್ ರೇಂಜರ್ಸ್ ಐದು ವರ್ಷದ ದೊಡ್ಡ ಕಾಂಟ್ರಾಕ್ಟ್ ಕೊಟ್ರು, ಲೆಕ್ಕದ ಪ್ರಕಾರ ಮನುಷ್ಯ ಈಗ ಮಲಗ್ಬೇಕು, ಆದ್ರೆ 2011ರಲ್ಲಿ 32 ಹೋಮ್ ರನ್, 2012ರಲ್ಲಿ .321 ಜೊತೆಗೆ 36. ಕೊನೆಗೆ 3166 ಹಿಟ್ಟು, 2024ರಲ್ಲಿ ಹಾಲ್ ಆಫ್ ಫೇಮು. ಮ್ಯಾರಿನರ್ಸ್ ಮೈದಾನ ಆಗ ಬಲಗೈ ಬ್ಯಾಟರ್‌ಗಳಿಗೆ ಎಷ್ಟು ಕಷ್ಟದ್ದು ಅಂತ ಆ ಕಾಲದಲ್ಲಿ ನೋಡ್ತಿದ್ದೋರಿಗೆ ಗೊತ್ತು, ಅವರು ಜೋರಾಗಿ ಹೊಡೆಯೋ ಎಡ ಫೀಲ್ಡ್ ಕಡೆಗೆ ಹೋದ ಚೆಂಡು ಗೋಡೆ ಮುಟ್ಟೋದ್ರೊಳಗೇ ಸತ್ತು ಬೀಳ್ತಿತ್ತು. ಓಪಿಎಸ್ ಪ್ಲಸ್ ಮೈದಾನವನ್ನ ಒಟ್ಟಾರೆ ಸರಿ ಮಾಡುತ್ತೆ, ಎಡಗೈ ಬಲಗೈ ಅಂತ ಬೇರೆ ಮಾಡಲ್ಲ, ಹಂಗಾಗಿ ಅಲ್ಲಿನ ಅವನ ವರ್ಷಗಳು ಇದ್ದಿದ್ದಕ್ಕಿಂತ ಸ್ವಲ್ಪ ಸಪ್ಪೆಯಾಗೇ ಕಾಣ್ಸುತ್ತೆ.

ಈ ಒಂದು ಪೇಜಿಗೇ ಸೈಟಿಗೆ ಮೂರು ಸ್ಟಾರ್ ಕೊಟ್ಬಿಡ್ಬಹುದು.

ಕಥೆಗೆ ಸರಿಯಾಗಿ ಹೊಂದೋ ಆಟಗಾರರೇ ಇಲ್ಲ ಅಂತ ನಾನು ಹೇಳ್ತಿಲ್ಲ. ಗ್ಯಾರಿ ಮ್ಯಾಥ್ಯೂಸ್ ಜೂನಿಯರ್ ಪೇಜ್ ತೆಗೀರಿ, 2006ರಲ್ಲಿ ರೇಂಜರ್ಸ್‌ಗೆ .313, ಜೀವಮಾನದಲ್ಲಿ ಅದೊಂದೇ ಸಲ ಆಲ್ ಸ್ಟಾರ್ ತಂಡದಲ್ಲಿ ಜಾಗ, ಏಂಜಲ್ಸ್ ಐದು ವರ್ಷಕ್ಕೆ 50 ಮಿಲಿಯನ್ ಸುರಿದ್ರು, ಮುಂದಿನ ವರ್ಷ .252. ಆದ್ರೆ ಅವನ ಇಡೀ ಕರಿಯರ್ ಆವರೇಜ್ ಎಷ್ಟು ಗೊತ್ತಾ, .257! ಅಂದ್ರೆ 2007ರಲ್ಲಿ ಅವನೇನೂ ಸೋಮಾರಿ ಆಗ್ಲಿಲ್ಲ, ಯಾವಾಗ್ಲೂ ಇದ್ದ ಜಾಗಕ್ಕೇ ವಾಪಸ್ ಬಂದ. ವಿಚಿತ್ರವಾಗಿದ್ದಿದ್ದು 2006, ಏಂಜಲ್ಸ್ ದುಡ್ಡು ಕೊಟ್ಟಿದ್ದು ಆ ವಿಚಿತ್ರಕ್ಕೆ. ಆ ವರ್ಷ ಅವನು ಜಾಸ್ತಿ ಬೆವರು ಸುರಿಸಿದ್ನಾ ಅದೃಷ್ಟ ಕೂಡಿ ಬಂತಾ ಅನ್ನೋದು ಯಾವ ಟೇಬಲ್ಲಲ್ಲೂ ಬರೆದಿಲ್ಲ.

ಬಾಲ್ಟಿಮೋರ್ ಓರಿಯೋಲ್ಸಿನ ಕ್ರಿಸ್ ಡೇವಿಸ್ ಇನ್ನೊಬ್ಬ. 2015 ಕೊನೇ ವರ್ಷ, 47 ಹೋಮ್ ರನ್, ಏಳು ವರ್ಷ 161 ಮಿಲಿಯನ್, ಆಮೇಲೆ ಕುಸಿತ ಅಂದ್ರೆ ಕುಸಿತ, 2018ರಲ್ಲಿ .168, ಅಲ್ಲಿಂದ 2019ರವರೆಗೆ ಸತತ 54 ಅಟ್ ಬ್ಯಾಟಲ್ಲಿ (ಬ್ಯಾಟಿಂಗ್ ಸರದಿ) ಒಂದೂ ಹಿಟ್ ಇಲ್ಲ. ಆದ್ರೆ ಇವನ ಬೆಸ್ಟ್ ವರ್ಷ 2013, 53 ಹೋಮ್ ರನ್, ಆಗ ಫ್ರೀ ಏಜೆನ್ಸಿಗೆ ಇನ್ನೂ ಎರಡು ವರ್ಷ ಬಾಕಿ ಇತ್ತು. ನಡುವೆ 2014ರಲ್ಲಿ .196. ಮೇಲೆ ಕೆಳಗೆ ಆಡೋದು ಅವನ ಸ್ವಭಾವಾನೇ ಆಗಿತ್ತು, ಹೊಸ ಕಾಂಟ್ರಾಕ್ಟ್ ಶುರುವಾಗೋ ಹೊತ್ತಿಗೆ ಮೂವತ್ತು ಬೇರೆ ಆಗಿತ್ತು. ಬ್ಯಾಟರ್‌ಗಳು ಸಾಮಾನ್ಯವಾಗಿ ಇಪ್ಪತ್ತೇಳು ಇಪ್ಪತ್ತೆಂಟರ ಆಸುಪಾಸಲ್ಲಿ ಬೆಸ್ಟ್ ಆಗಿರ್ತಾರೆ, ಆಮೇಲೆ ಇಳಿಜಾರು, ಹಂಗಾಗಿ ಕೊನೇ ವರ್ಷಾನ ಅದರ ಮುಂದಿನ ವರ್ಷದ ಜೊತೆ ಇಟ್ಟು ನೋಡಿದ್ರೆ ಯಾರಾದ್ರೂ ಸೋಮಾರಿ ಥರಾನೇ ಕಾಣ್ತಾರೆ. ಕಾಂಟ್ರಾಕ್ಟಿಗೆ ಬೈಯ್ಯೋ ಮುಂಚೆ ವಯಸ್ಸಿನ ಕಾಲಂ ಮೇಲೆ ಒಂದ್ಸಲ ಕಣ್ಣಾಡಿಸಿ.

ಆರನ್ ಜಡ್ಜ್ ವಿಷಯಕ್ಕೆ ಬಂದ್ರೆ ತನ್ನ ತಂಡ ಯಾಂಕೀಸ್ ಕೊಟ್ಟ 213.5 ಮಿಲಿಯನ್ ಆಫರ್ ಬೇಡ ಅಂತ 2022ರಲ್ಲಿ ಆಡೋಕಿಳಿದು 62 ಹೋಮ್ ರನ್ ಹೊಡೆದು ರೋಜರ್ ಮಾರಿಸ್ 1961ರಲ್ಲಿ ಮಾಡಿದ್ದ ಅಮೆರಿಕನ್ ಲೀಗ್ ರೆಕಾರ್ಡ್ ಮುರಿದು 360 ಮಿಲಿಯನ್ ತಗೊಂಡ, ಕಾಂಟ್ರಾಕ್ಟ್ ಇಯರ್‌ಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಾ? ಆದ್ರೆ ದುಡ್ಡು ಕೈಗೆ ಬಂದ ಮೇಲೆ 2024ರಲ್ಲಿ 58 ಹೊಡೆದ, ಓಪಿಎಸ್ ಪ್ಲಸ್ ಎರಡೂ ವರ್ಷ 200 ದಾಟಿದೆ. ಹ್ವಾನ್ ಸೋಟೊ ಕೊನೇ ವರ್ಷ 2024ರಲ್ಲಿ 41 ಹೋಮ್ ರನ್, ಮೆಟ್ಸ್ ಹತ್ರ 765 ಮಿಲಿಯನ್ ತಗೊಂಡ್ಮೇಲೆ 43. ಇವರಿಬ್ಬರೂ ಯಾವ ವರ್ಷ ಬೇಕಾದ್ರೂ ಹೊಡೆಯೋರು.

ಇನ್ನು ಸೈಟಿನ ಕೊರತೆ, ಒಂದು ಸ್ಟಾರ್ ಕಟ್ ಮಾಡಿದ್ದು ಯಾಕೆ ಅಂತ. ವರ್ಷದ ಸಾಲಲ್ಲಿ "ಇದು ಕೊನೇ ವರ್ಷ" ಅಂತ ಒಂದು ಗುರುತಿಲ್ಲ, ಮೇಲಿನ ಟೇಬಲ್ಲು ಬುಡದ ಸಂಬಳದ ಟೇಬಲ್ಲು ಎರಡನ್ನೂ ನಾವೇ ತಾಳೆ ನೋಡ್ಬೇಕು. ಅದಕ್ಕಿಂತ ದೊಡ್ಡ ತಲೆನೋವು ಆಪ್ಟ್ ಔಟು, ಅಂದ್ರೆ ಕಾಂಟ್ರಾಕ್ಟ್ ಮುಗಿಯೋ ಮುಂಚೇನೇ ಬಿಟ್ಟು ಹೋಗೋ ಹಕ್ಕು. ಪೀಟ್ ಅಲೊನ್ಸೊ 2024ರ ಕೊನೇ ವರ್ಷದಲ್ಲಿ ಅಲ್ಲಿವರೆಗಿನ ತನ್ನ ಅತೀ ಕಮ್ಮಿ ಓಪಿಎಸ್ (ಮೈದಾನ, ಲೀಗಿನ ಲೆಕ್ಕ ಸೇರಿಸದ ಕಚ್ಚಾ ಅಂಕಿ) ಮಾಡಿದ, .788. ಮಾರ್ಕೆಟ್ಟಲ್ಲಿ ಅಂದ್ಕೊಂಡಷ್ಟು ಸಿಗ್ದೆ ಮೆಟ್ಸ್ ಜೊತೇಲೇ ಎರಡು ವರ್ಷ 54 ಮಿಲಿಯನ್‌ಗೆ ಸೈನ್ ಹಾಕಿದ, ಒಂದು ವರ್ಷ ಆದ್ಮೇಲೆ ಬೇಕಾದ್ರೆ ಹೊರಗೆ ಹೋಗೋ ಹಕ್ಕು ಇಟ್ಕೊಂಡ. 2025ರಲ್ಲಿ .272, 38 ಹೋಮ್ ರನ್, 126 ಆರ್‌ಬಿಐ (ಅವನ ಬ್ಯಾಟಿಂಗಿಂದ ತಂಡಕ್ಕೆ ಬಂದ ರನ್). ಈಗ ಹೇಳಿ, 2025 ಅವನಿಗೆ ಕೊನೇ ವರ್ಷಾನಾ ಅಲ್ವಾ? ಕಾಗದದ ಮೇಲೆ ಅಲ್ಲ, ಅವನ ತಲೇಲಿ ಹೌದೇ ಇರ್ಬೇಕು. ಅಲೆಕ್ಸ್ ರಾಡ್ರಿಗೆಸ್ 2007ರಲ್ಲಿ 54 ಹೋಮ್ ರನ್ ಹೊಡೆದಾಗ ಅವನ 252 ಮಿಲಿಯನ್ ಕಾಂಟ್ರಾಕ್ಟಲ್ಲಿ ಇನ್ನೂ ಮೂರು ವರ್ಷ ಬಾಕಿ ಇತ್ತು, ಸೀಸನ್ ಮುಗಿದ ತಕ್ಷಣ ಆಪ್ಟ್ ಔಟ್ ಮಾಡಿ 275 ಮಿಲಿಯನ್‌ಗೆ ಯಾಂಕೀಸ್ ಹತ್ರಾನೇ ವಾಪಸ್ ಬಂದ. ಇಂಥೋರನ್ನ ಯಾವ ಪಟ್ಟಿಗೆ ಸೇರ್ಸಿದ್ರಿ ಅನ್ನೋದ್ರ ಮೇಲೇ ಉತ್ತರ ಬದಲಾಗುತ್ತೆ, ಅದಕ್ಕೇ ನೂರಾರು ಆಟಗಾರರನ್ನ ಒಟ್ಟಿಗೆ ಹಾಕಿ ಲೆಕ್ಕ ಮಾಡಿದೋರಲ್ಲಿ ಕೆಲವರಿಗೆ ಸಣ್ಣ ಏರಿಕೆ ಕಂಡಿದೆ, ಕೆಲವರಿಗೆ ಏನೂ ಕಂಡಿಲ್ಲ.

ಮೈಕ್ ಟ್ರೌಟ್ ಥರದೋರು ಈ ಲೆಕ್ಕಕ್ಕೇ ಬರಲ್ಲ, 2014ರಲ್ಲೊಂದು 2019ರಲ್ಲೊಂದು ಕಾಂಟ್ರಾಕ್ಟ್ ಎಕ್ಸ್‌ಟೆನ್ಶನ್ ಮೊದಲೇ ಸೈನ್ ಹಾಕಿ ಕೊನೇ ವರ್ಷ ಅನ್ನೋದನ್ನೇ ನೋಡದೆ ಬಂದಿದಾನೆ. ಕೊನೇ ವರ್ಷ ಕೆಟ್ಟದಾಗಿ ಆಡಿದ ಸಾಧಾರಣ ಆಟಗಾರನಿಗೆ ಮುಂದೆ ಕೆಲಸಾನೇ ಸಿಗಲ್ಲ, ಅವನ ಟೇಬಲ್ಲು ಅಲ್ಲಿಗೇ ನಿಂತೋಗುತ್ತೆ, ಅವನ ಹೆಸರು ಯಾರ ಬಾಯಲ್ಲೂ ಬರಲ್ಲ. ನನಗನ್ಸೋದು, ದುಡ್ಡಿನಿಂದ ಏನಾದ್ರೂ ವ್ಯತ್ಯಾಸ ಆಗೋದಾದ್ರೆ ಅದು ಆಡಿದ ಮ್ಯಾಚುಗಳ ಕಾಲಂನಲ್ಲಿ ಸಿಗುತ್ತೆ, ಸಣ್ಣ ಪುಟ್ಟ ನೋವಿಗೆಲ್ಲ ರೆಸ್ಟ್ ತಗೊಳ್ದೆ ಹಲ್ಲು ಕಚ್ಚಿ ಆಡ್ತಾರೆ. ತೊಂಬತ್ತೈದು ಮೈಲಿ ವೇಗದ ಚೆಂಡನ್ನ ಆಸೆಯಿಂದ ಹೊಡೆಯೋಕಾಗುತ್ತಾ?

ಬೇಸ್‌ಬಾಲ್ ರೆಫರೆನ್ಸ್ ಜೊತೆಗೆ ಮೇಜರ್ ಲೀಗಿನವರದ್ದೇ ಬೇಸ್‌ಬಾಲ್ ಸವಾಂಟ್ ಸೈಟನ್ನೂ ಪಕ್ಕದ ಟ್ಯಾಬಲ್ಲಿ ಇಟ್ಕೊಳ್ಳಿ, ಅದೂ ಫ್ರೀ, ಬ್ಯಾಟಿಂದ ಚೆಂಡು ಎಷ್ಟು ವೇಗದಲ್ಲಿ ಹೋಯ್ತು ಅಂತ 2015ರಿಂದ ಅದರಲ್ಲಿದೆ. ಕೋಡಿ ಬೆಲಿಂಜರ್ 2023ರಲ್ಲಿ ಕಬ್ಸ್ ಜೊತೆ ಒಂದು ವರ್ಷದ ಡೀಲಲ್ಲಿ .307, 26 ಹೋಮ್ ರನ್ ಮಾಡಿದಾಗ ರೆಫರೆನ್ಸ್ ಪೇಜ್ ನೋಡಿದೋರಿಗೆ ಇನ್ನೂರು ಮಿಲಿಯನ್ ಆಟಗಾರ ಅನ್ಸಿರುತ್ತೆ, ಸವಾಂಟಲ್ಲಿ ನೋಡಿದ್ರೆ ಚೆಂಡಿನ ವೇಗ ತೀರಾ ಸಾಧಾರಣ. ಕ್ಲಬ್‌ನೋರೂ ಅದನ್ನೇ ನೋಡಿರ್ಬೇಕು, ಸಿಕ್ಕಿದ್ದು ಮೂರು ವರ್ಷಕ್ಕೆ 80 ಮಿಲಿಯನ್, ಮುಂದಿನ ವರ್ಷ .266. ಮ್ಯಾಥ್ಯೂಸ್ ಕಾಲದಲ್ಲಿ ಏಂಜಲ್ಸ್‌ಗೆ ಈ ಟ್ಯಾಬ್ ಇರ್ಲಿಲ್ಲ ಪಾಪ.

ಸ್ಟ್ಯಾಟ್‌ಹೆಡ್ ಅಂತ ಬೇಸ್‌ಬಾಲ್ ರೆಫರೆನ್ಸ್ ಕಂಪನಿಯದೇ ದುಡ್ಡಿನ ಸರ್ವಿಸ್ ಇದೆ, ಇಂಥ ವಯಸ್ಸು, ಇಷ್ಟು ಹೋಮ್ ರನ್ ಅಂತೆಲ್ಲ ಕೊಟ್ಟು ನೂರು ವರ್ಷದ ಆಟ ಜಾಲಾಡಬಹುದು. ನೀವೇ ಒಂದು ಪಟ್ಟಿ ಮಾಡಿ ಕೂತು ಲೆಕ್ಕ ಹಾಕೋರಾದ್ರೆ ತಗೊಳ್ಳಿ, ಚೆನ್ನಾಗಿದೆ. ಗೆಳೆಯರ ಜೊತೆ ವಾದ ಗೆಲ್ಲೋಕಾದ್ರೆ ಬೇಡ, ಅವರು ಹೇಳೋ ಹೆಸರಿನ ಫ್ರೀ ಪೇಜ್ ಓಪನ್ ಮಾಡಿ ಎರಡು ಸಾಲು ಮೇಲೆ, ಮೂರು ಸಾಲು ಕೆಳಗೆ ಓದಿ ಹೇಳಿದ್ರೆ ಆಯ್ತು.